ನಿಮ್ಮೂರಿನ ಕಲ್ಲು ಹುಡುಕಿಕೊಂಡು ಮ್ಯೂಸಿಯಂಗೆ ಹೋಗಿ

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ನಾಯಿಯ ಕಲ್ಲಿದೆ. ಬೇಟೆನಾಯಿಯೊಂದು ಕಾಡುಹಂದಿಯ ಮೇಲೆ ಎರಗಿದ ಚಿತ್ರ, ಅದರೊಂದಿಗೆ ಹಳಗನ್ನಡದ ಸಾಲುಗಳು. ನಾಯಿಯ ಹೆಸರು ಕಾಳಿ. ಕಲ್ಲು ಹುಟ್ಟಿದ್ದು ಕ್ರಿ.ಶ. 949–50ರಲ್ಲಿ, ಇಂದಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ.

ಶಾಸನ ಹೇಳುವ ಕಥೆ ಹೀಗಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋದ. ಗಂಗರ ಇಮ್ಮಡಿ ಬೂತುಗ ಅವನ ಜೊತೆಗಿದ್ದ. ಇಂದಿನ ತಮಿಳುನಾಡಿನ ಅರಕ್ಕೋಣಂ ಸಮೀಪದ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನನ್ನು ಬೂತುಗ ಕೊಂದ. ಕೃಷ್ಣ ಮೆಚ್ಚಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗಿನಾಡು 70 ಎಂಬ ನಾಡುಗಳನ್ನು ಕೊಟ್ಟ. ಬೂತುಗನ ಕೈಕೆಳಗೆ ಮಣಲೆರ ಎಂಬ ವೀರನಿದ್ದ. ಅವನ ಕಾದಾಟಕ್ಕೆ ಮೆಚ್ಚಿದ ಬೂತುಗ, ಬೇಕಾದ್ದನ್ನು ಬೇಡಿಕೊ ಎಂದ. ಮಣಲೆರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಕೆಲಲೆ ನಾಡಿನ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಆ ನಾಯಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಕಾದಾಡಿ ಒಟ್ಟಿಗೆ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ನಾಯಿಗಾಗಿ ಕಲ್ಲು ನೆಡಿಸಿದ, ಅದರ ಪೂಜೆಗೆಂದು ಕೆರೆಯ ಕೆಳಗೆ ಭೂಮಿ ಬಿಟ್ಟ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದೂ ಬರೆಸಿದ.

ಸತ್ತ ನಾಯಿಗೆ ಕಲ್ಲು, ಕಲ್ಲಿಗೆ ಗದ್ದೆ, ಗದ್ದೆಗೊಬ್ಬ ಪೂಜಾರಿ, ಪೂಜಾರಿಗೊಂದು ಶಾಪ. ಹತ್ತನೆಯ ಶತಮಾನದ ಮದ್ದೂರು ಸೀಮೆಯ ಮನುಷ್ಯರು ಯಾವುದನ್ನು ಪ್ರೀತಿಸಿದರು, ಯಾವುದನ್ನು ಮರೆಯಬಾರದು ಎಂದುಕೊಂಡರು ಎನ್ನುವುದು ಇಷ್ಟು ನೇರವಾಗಿ ಇನ್ನೆಲ್ಲಿ ಸಿಗುತ್ತದೆ? ಅದೇ ಕಲ್ಲು ದಕ್ಷಿಣ ಭಾರತದ ದೊಡ್ಡ ಯುದ್ಧವೊಂದರ ಸಾಕ್ಷಿಯೂ ಹೌದು. ಚೋಳರ ಶಾಸನಗಳು ರಾಜಾದಿತ್ಯನನ್ನು ಆನೆಯ ಮೇಲೆ ಮಡಿದ ದೇವರೆಂದು ನೆನೆಯುತ್ತವೆ. ಆನೆಯ ಮೇಲಿದ್ದವನನ್ನು ಕೊಂದವರ ಕಡೆಯ ಮಾತು ಆತಕೂರಿನದು. ಒಂದು ಸಾವಿನ ಎರಡು ಬದಿಯ ನೆನಪುಗಳಲ್ಲಿ ಒಂದು ನಮ್ಮ ಹಳ್ಳಿಯೊಂದರ ಗುಡಿಯ ಮುಂದೆ ನಿಂತಿತ್ತು.

ಆದರೂ ಮ್ಯೂಸಿಯಂಗೆ ಬರುವವರಲ್ಲಿ ಹೆಚ್ಚಿನವರು ಇಂಥ ಕಲ್ಲಿನ ಮುಂದೆ ನಿಲ್ಲುವುದಿಲ್ಲ. ಶಾಲಾ ಮಕ್ಕಳ ಸಾಲು ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಡುತ್ತದೆ. ದೊಡ್ಡವರೂ ಹೊಯ್ಸಳರ ಕುಸುರಿ ಕೆತ್ತನೆಯ ಎದುರು ಫೋಟೊ ತೆಗೆಸಿಕೊಂಡು ಮುಂದೆ ಸಾಗುತ್ತಾರೆ. ಅವರ ತಪ್ಪಲ್ಲ. ಕಲ್ಲಿನ ಪಕ್ಕದ ಫಲಕ ಸಾಮಾನ್ಯವಾಗಿ ಹೇಳುವುದು ಮೂರೇ ಸಂಗತಿ: ವೀರಗಲ್ಲು, ಇಂಥ ಶತಮಾನ, ಇಂಥ ಊರು. ಓದಿದವರಿಗೆ ಏನೂ ಉಳಿಯುವುದಿಲ್ಲ. ನನ್ನ ಅನುಭವದಲ್ಲಿ ಆ ಮೂರರಲ್ಲಿ ಅತಿ ಮುಖ್ಯವಾದದ್ದು ಕೊನೆಯದು, ಊರಿನ ಹೆಸರು. ಸ್ಥಳೀಯ ಇತಿಹಾಸದ ಮ್ಯೂಸಿಯಂ ನೋಡುವ ಸರಿಯಾದ ದಾರಿ ಅಲ್ಲಿಂದಲೇ ಶುರುವಾಗುತ್ತದೆ. ಎಲ್ಲವನ್ನೂ ನೋಡಲು ಹೋಗಬೇಡಿ. ನಿಮ್ಮ ಊರು, ನಿಮ್ಮ ತಾಲ್ಲೂಕು, ಅಮ್ಮನ ತವರು, ಮಗಳನ್ನು ಕೊಟ್ಟ ಊರು, ಇವುಗಳಲ್ಲಿ ಒಂದರ ಹೆಸರು ಹಿಡಿದು ಹೋಗಿ. ಆ ಹೆಸರು ಸಿಕ್ಕ ಫಲಕದ ಮುಂದೆ ನಿಂತುಬಿಡಿ. ಮಿಕ್ಕಿದ್ದನ್ನು ಇನ್ನೊಂದು ದಿನ ನೋಡಬಹುದು.

ಕಲ್ಲನ್ನು ಓದುವುದು ಹೇಗೆ

ವೀರಗಲ್ಲನ್ನು ಓದಲು ಹಳಗನ್ನಡ ಬರಬೇಕೆಂದಿಲ್ಲ. ಕಣ್ಣು ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಅಷ್ಟೇ. ಬಹಳಷ್ಟು ವೀರಗಲ್ಲುಗಳಲ್ಲಿ ಮೂರು ಅಂತಸ್ತು. ಕೆಳಗಿನದರಲ್ಲಿ ಸಾವು ಬಂದ ಬಗೆ: ಬಿಲ್ಲು ಹಿಡಿದವನು, ಕುದುರೆ ಸವಾರ, ಪಕ್ಕದಲ್ಲಿ ದನಗಳ ಸಾಲು. ದನಗಳಿದ್ದರೆ ಅದು ತುರುಗೊಳ್ ಕಲ್ಲು, ಅಂದರೆ ಊರ ಹಸುಗಳನ್ನು ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವನ ಕಲ್ಲು. ಹುಲಿಯಿದ್ದರೆ ಹುಲಿಯೊಡನೆ ಕಾದಿ ಸತ್ತವನದು. ಊರಿಗೆ ಶತ್ರು ನುಗ್ಗಿದಾಗ ಸತ್ತವರ, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವರ ಕಲ್ಲುಗಳೂ ಇವೆ. ನಡುವಿನ ಅಂತಸ್ತಿನಲ್ಲಿ ಅಪ್ಸರೆಯರು ಸತ್ತ ವೀರನನ್ನು ತೋಳು ಹಿಡಿದೋ ವಿಮಾನದಲ್ಲಿ ಕೂರಿಸಿಯೋ ಕರೆದೊಯ್ಯುತ್ತಾರೆ. ಮೇಲಿನ ಅಂತಸ್ತಿನಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನಮೂರ್ತಿ. ನೆತ್ತಿಯಲ್ಲಿ ಸೂರ್ಯ ಚಂದ್ರರಿದ್ದರೆ, ಅವರಿರುವ ತನಕ ಈ ನೆನಪು ಇರಲಿ ಎಂಬ ಆಸೆ.

ಇಷ್ಟು ಗೊತ್ತಾದರೆ ಮಕ್ಕಳೇ ಮುಂದಿನದನ್ನು ಹೇಳತೊಡಗುತ್ತಾರೆ. ಕಂಬದಿಂದ ಹೊರಚಾಚಿದ, ಬಳೆ ತೊಟ್ಟ ಹೆಣ್ಣಿನ ಕೈ ಕಂಡರೆ ಅದು ಮಾಸ್ತಿಕಲ್ಲು, ಗಂಡನ ಚಿತೆಯೇರಿದವಳ ಗುರುತು. ಆ ಕೈಯಲ್ಲಿ ಅನೇಕ ಕಡೆ ನಿಂಬೆಹಣ್ಣು ಇರುತ್ತದೆ. ಈ ಕಲ್ಲಿನ ಮುಂದೆ ಮಕ್ಕಳಿಗೆ ಏನು ಹೇಳಬೇಕೆಂಬುದು ಸುಲಭದ ಪ್ರಶ್ನೆಯಲ್ಲ. ಪೂಜೆಯ ಮಾತಿನಲ್ಲಿ ಮುಚ್ಚಿಡದೆ, ಒಬ್ಬ ಹೆಣ್ಣುಮಗಳು ಉರಿಯಲ್ಲಿ ಸತ್ತಳು, ಊರು ಅವಳಿಗೆ ಕಲ್ಲು ನಿಲ್ಲಿಸಿತು ಎಂದು ಇದ್ದದ್ದನ್ನು ಇದ್ದಂತೆ ಹೇಳುವುದೇ ಸರಿ ಎಂದು ನನಗನ್ನಿಸುತ್ತದೆ. ಸಲ್ಲೇಖನ ಕೈಗೊಂಡು ಪ್ರಾಣ ಬಿಟ್ಟ ಜೈನರ ನಿಸಿದಿಗಲ್ಲುಗಳಿವೆ. ಹಸು, ಕರು, ಕತ್ತಿ ಕೆತ್ತಿದ ದಾನಶಾಸನಗಳಿವೆ. ದಾನವನ್ನು ಕಿತ್ತುಕೊಂಡವನು ವಾರಣಾಸಿಯಲ್ಲಿ ಹಸುಗಳನ್ನು ಕೊಂದ ಪಾಪಕ್ಕೆ ಹೋಗಲಿ ಎಂಬ ಶಾಪದಲ್ಲಿ ಇವು ಮುಗಿಯುವುದು ಹೆಚ್ಚು. ತಾಮ್ರಪಟಗಳ ಮುಂದೆ ನಿಂತಾಗ ಹಲಗೆಗಳನ್ನು ಪೋಣಿಸಿದ ಉಂಗುರದ ಮುದ್ರೆಯನ್ನು ಮೊದಲು ನೋಡಿ. ಆನೆಯಿದ್ದರೆ ಗಂಗರು, ವರಾಹವಿದ್ದರೆ ಚಾಲುಕ್ಯರು, ಗರುಡನಿದ್ದರೆ ರಾಷ್ಟ್ರಕೂಟರು.

ಬೆಂಗಳೂರಿನ ಅದೇ ಮ್ಯೂಸಿಯಂನಲ್ಲಿ ಬೇಗೂರಿನ ವೀರಗಲ್ಲೂ ಇದೆ. ಗಂಗರ ಎರೆಯಪ್ಪನ ಕಾಲದ್ದು, ಒಂಬತ್ತನೆಯ ಶತಮಾನದ ಕೊನೆಯ ಸುಮಾರಿನದು. ಆನೆ, ಕುದುರೆ, ಬಿದ್ದ ಹೆಣಗಳು ಕಿಕ್ಕಿರಿದ ಅಂಥ ಯುದ್ಧದ ಕೆತ್ತನೆ ನಾಡಿನ ವೀರಗಲ್ಲುಗಳಲ್ಲಿ ಅಪರೂಪ. ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದೊಡನೆ ಕಾದಿ ಸತ್ತ ನಾಗತ್ತರನ ಕಲ್ಲು ಅದು. ಇದನ್ನು ನೋಡಿದ ಮೇಲೆ ಬೇಗೂರಿಗೂ ಹೋಗಬೇಕು. ಅಲ್ಲಿನ ನಾಗೇಶ್ವರ ಗುಡಿಯ ಆವರಣದಲ್ಲಿ ನಾಗತ್ತರನ ಮನೆಮಗ ಬುಟ್ಟಣಸೆಟ್ಟಿಯ ಸಾವನ್ನು ಹೇಳುವ ಇನ್ನೊಂದು ಶಾಸನವಿದೆ. ಅವನು ಸತ್ತದ್ದು ‘ಬೆಂಗಳೂರ ಕಾಳಗ’ದಲ್ಲಿ. ಬೆಂದ ಕಾಳು ಕೊಟ್ಟ ಅಜ್ಜಿಯ ಕಥೆ ಕೇಳಿಯೇ ಬೆಳೆದ ನಾವು, ಊರಿನ ಹೆಸರು ಸಾವಿರದ ನೂರು ವರ್ಷದ ಹಿಂದೆಯೇ ಕಲ್ಲಿನ ಮೇಲೆ ಇತ್ತು ಎಂಬುದನ್ನು ಬೇಗೂರಿನಲ್ಲಿ ನಿಂತು ನೋಡಬಹುದು. ಒಂದೇ ಮನೆತನದ ಎರಡು ಸಾವುಗಳಲ್ಲಿ ಒಂದು ಮ್ಯೂಸಿಯಂನಲ್ಲಿ, ಇನ್ನೊಂದು ಊರಲ್ಲಿ.

ಹಾಗಾದರೆ ಕಲ್ಲು ಎಲ್ಲಿರಬೇಕು? ಇದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಆತಕೂರಿನ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂಬ ಕಟ್ಟಳೆ ಆತಕೂರಿಗೆ ಸೇರಿದ್ದು, ಕಸ್ತೂರ್ಬಾ ರಸ್ತೆಗಲ್ಲ. ಊರಿನಿಂದ ಕಿತ್ತು ತಂದ ಕಲ್ಲು ತನ್ನ ಕೆರೆ, ಗುಡಿ, ಗುಡ್ಡವನ್ನೆಲ್ಲ ಕಳೆದುಕೊಂಡು ನಿಲ್ಲುತ್ತದೆ. ಆದರೆ ಊರಲ್ಲೇ ಉಳಿದ ಎಷ್ಟೋ ಕಲ್ಲುಗಳು ಬಟ್ಟೆ ಒಗೆಯುವ ಚಪ್ಪಡಿಗಳಾಗಿವೆ, ಕಾಲುವೆಗೆ ಅಡ್ಡ ಹಾಸಲ್ಪಟ್ಟಿವೆ, ರಸ್ತೆ ಅಗಲ ಮಾಡುವಾಗ ಮಣ್ಣಿನಡಿ ಸೇರಿವೆ. ಗುಡಿಯ ಜೀರ್ಣೋದ್ಧಾರದ ಹೆಸರಿನಲ್ಲಿ ಬಣ್ಣ ಬಳಿಸಿಕೊಂಡು ಅಕ್ಷರ ಕಳೆದುಕೊಂಡವೂ ಇವೆ. ನನ್ನ ತೀರ್ಮಾನ ಇಷ್ಟು: ಕಾಯುವ ಜನ ಇದ್ದಲ್ಲಿ ಕಲ್ಲು ಊರಲ್ಲೇ ಇರಲಿ, ಇಲ್ಲದಲ್ಲಿ ಮ್ಯೂಸಿಯಂ ಅದನ್ನು ತಂದು ಉಳಿಸಲಿ, ಆದರೆ ಊರಿಗೆ ಅದರ ಕಥೆಯನ್ನೂ ಒಂದು ಪ್ರತಿಕೃತಿಯನ್ನೂ ಹಿಂದಿರುಗಿಸಲಿ. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಗುರುತಿಸಿದ ಶಾಸನಕ್ಕೆ ಹೀಗೇ ಆಗಿದೆ. ಮೂಲ ಕಲ್ಲು ಮೈಸೂರಿನಲ್ಲಿ ಪುರಾತತ್ವ ಇಲಾಖೆಯ ವಶದಲ್ಲಿದೆ. ಹಲ್ಮಿಡಿಯಲ್ಲಿ ಅದರ ಪ್ರತಿಕೃತಿ ನಿಂತಿದೆ. ನಾಡಿನ ಪ್ರತಿ ಮ್ಯೂಸಿಯಂ ತನ್ನ ಮುಖ್ಯ ಕಲ್ಲುಗಳ ಊರುಗಳಿಗೆ ಇಷ್ಟನ್ನಾದರೂ ಮಾಡಬೇಕು.

ಊರವರೇ ಕಾಯಬಲ್ಲರು ಎಂಬುದಕ್ಕೆ ಬೆಂಗಳೂರಿನ ಹೆಬ್ಬಾಳ ಸಾಕ್ಷಿ. 2018ರಲ್ಲಿ ಅಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಗಂಗ ಶ್ರೀಪುರುಷನ ಕಾಲದ, ಎಂಟನೆಯ ಶತಮಾನದ ವೀರಗಲ್ಲೊಂದು ಸಿಕ್ಕಿತು. ಕಿತ್ತಯ್ಯ ಎಂಬ ವೀರನ ಕಲ್ಲು. ಶಾಸನಗಳ ಬೆನ್ನುಹತ್ತಿದ ಹವ್ಯಾಸಿಗಳೂ ಸ್ಥಳೀಯರೂ ಕೂಡಿ ಅದಕ್ಕೊಂದು ಮಂಟಪ ಕಟ್ಟಿಸಿ ಅಲ್ಲೇ ನಿಲ್ಲಿಸಿದರು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮಾಡಿ ಉಳಿಸುವ ಕೆಲಸ ನಡೆದಿದೆ. ಕಲ್ಲು ನಾಳೆ ಒಡೆದರೂ ಅಕ್ಷರ ಉಳಿಯಲಿ ಎಂಬುದು ಅದರ ಉದ್ದೇಶ. ನುರಿತ ಕಣ್ಣಿಗೂ ಕಾಣದ ಸವೆದ ಅಕ್ಷರಗಳು ಈ ಸ್ಕ್ಯಾನಿಂಗ್‌ನಲ್ಲಿ ಮೂಡುವುದುಂಟು.

ಮನೆಯಲ್ಲೇ ಮಾಡಬಹುದಾದ ತಯಾರಿ

ಮ್ಯೂಸಿಯಂಗೆ ಹೋಗುವ ಮುಂಚೆ ‘ಎಪಿಗ್ರಾಫಿಯ ಕರ್ನಾಟಿಕ’ದ ನಿಮ್ಮ ಜಿಲ್ಲೆಯ ಸಂಪುಟವನ್ನು ಒಮ್ಮೆ ತಿರುವಿ ಹಾಕಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ 1885ರಲ್ಲಿ ಶುರುವಾದಾಗ ಅದರ ಹೊಣೆ ಹೊತ್ತ ಬಿ.ಎಲ್. ರೈಸ್ ಊರೂರು ತಿರುಗಿ, ತಿರುಗಿಸಿ, ಸುಮಾರು 9,000 ಶಾಸನಗಳನ್ನು ಹನ್ನೆರಡು ಸಂಪುಟಗಳಲ್ಲಿ ಸೇರಿಸಿದರು. ತಾಲ್ಲೂಕುವಾರು ಸಂಖ್ಯೆ ಕೊಟ್ಟು ಜೋಡಿಸಿದ್ದರಿಂದ ನಿಮ್ಮ ತಾಲ್ಲೂಕಿನ ಪುಟ ಸಿಕ್ಕರೆ ಊರು ಸಿಗುವುದು ಕಷ್ಟವಲ್ಲ. ಆಮೇಲೆ ಬಂದ ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಮೊದಲಾದವರು ಈ ಕೆಲಸವನ್ನು ಬೆಳೆಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಸಂಪುಟಗಳು ಕನ್ನಡದ ಓದುಗರಿಗೆ ಇನ್ನೂ ಹತ್ತಿರ. ಜಿಲ್ಲಾ ಕೇಂದ್ರದ ದೊಡ್ಡ ಗ್ರಂಥಾಲಯಗಳಲ್ಲೋ ಕಾಲೇಜಿನ ಇತಿಹಾಸ ವಿಭಾಗದಲ್ಲೋ ವಿಚಾರಿಸಿದರೆ ಸಿಕ್ಕಾವು. ಹಳೆಯ ಸಂಪುಟಗಳು ಅಂತರ್ಜಾಲದಲ್ಲೂ ಓದಲು ಸಿಗುತ್ತವೆ. ತಮ್ಮ ಹಳ್ಳಿಯ ಹೆಸರನ್ನು ಅಲ್ಲಿ ಮೊದಲ ಸಲ ಕಂಡವರು ಸುಮ್ಮನೆ ಪುಸ್ತಕ ಮುಚ್ಚಿದ್ದನ್ನು ನಾನು ಕಂಡಿಲ್ಲ. ಆ ಕೆರೆ ಯಾವುದು, ಆ ಗುಡಿ ಇನ್ನೂ ಇದೆಯೆ, ಆ ಗದ್ದೆ ಈಗ ಯಾರ ಖಾತೆಯಲ್ಲಿದೆ ಎಂದು ಮನೆಯ ಹಿರಿಯರಿಗೆ ಫೋನು ಹೋಗುತ್ತದೆ.

ತಯಾರಿ ಮುಗಿದ ಮೇಲೆ ಯಾವ ಮ್ಯೂಸಿಯಂಗೆ ಹೋಗುವುದು? ಬೆಂಗಳೂರಿನ ಮ್ಯೂಸಿಯಂ 1865ರಲ್ಲಿ ಶುರುವಾದದ್ದು. ಈಗಿನ ಕೆಂಪು ಕಟ್ಟಡ 1877ರ ಸುಮಾರಿನದು. ಮದರಾಸಿನ ಮ್ಯೂಸಿಯಂ ಕಟ್ಟಿದ ವೈದ್ಯ ಎಡ್ವರ್ಡ್ ಬಾಲ್ಫರ್ ಇದಕ್ಕೂ ಒತ್ತಾಸೆಯಾದರು. ಹಳೆಯದೆಂಬ ಗೌರವ ಅದಕ್ಕೆ ಇರಲಿ. ಆದರೆ ಜಿಲ್ಲೆಗಳ ಸಣ್ಣ ಮ್ಯೂಸಿಯಂಗಳನ್ನು ಕಡೆಗಣಿಸಬಾರದು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಅಂಗಳದಲ್ಲಿ ಮಲೆನಾಡಿನ ವೀರಗಲ್ಲು, ಮಾಸ್ತಿಕಲ್ಲುಗಳ ಸಾಲೇ ಇದೆ. ಬಯಲುಸೀಮೆಯವರು ನೋಡಿದರೆ ಕೆತ್ತನೆಯ ವ್ಯತ್ಯಾಸ ಎದ್ದು ಕಾಣುತ್ತದೆ. ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚಿನಲ್ಲೇ ಕೊಡಗಿನ ಮ್ಯೂಸಿಯಂ ನಡೆಯುತ್ತದೆ. ವಿಜಯಪುರದಲ್ಲಿ ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿರುವುದು 1892ರಷ್ಟು ಹಳೆಯ ಸಂಗ್ರಹಾಲಯ. ಬಾದಾಮಿಯ ಮ್ಯೂಸಿಯಂನಲ್ಲಿ ನಾಗನಾಥಕೊಳ್ಳದ ಲಜ್ಜಾಗೌರಿ ಇದ್ದಾಳೆ. ಅಲ್ಲೇ ಶಿಡ್ಲಫಡಿಯ ಆದಿಮಾನವರ ಗವಿಯ ಮಾದರಿ ಇರುವುದರಿಂದ, ಕಾಡು ಹಾದು ಅಲ್ಲಿಯತನಕ ನಡೆಯಲಾಗದ ಹಿರಿಯರಿಗೂ ಅದು ಹೇಗಿದೆಯೆಂದು ತಿಳಿಯುತ್ತದೆ. ಹಂಪಿಗೆ ಹೋಗುವವರಿಗೆ ನನ್ನದೊಂದು ಒತ್ತಾಯದ ಸಲಹೆ: ಮೊದಲು ಕಮಲಾಪುರದ ಮ್ಯೂಸಿಯಂಗೆ ಹೋಗಿ. ಅಂಗಳದಲ್ಲಿ ಇಡೀ ಹಂಪಿಯ ಮಾದರಿಯಿದೆ. ಹೊಳೆ ಎಲ್ಲಿ ತಿರುಗುತ್ತದೆ, ಗುಡ್ಡಗಳು ಕೋಟೆಯ ಕೆಲಸವನ್ನು ಎಲ್ಲೆಲ್ಲಿ ಮಾಡಿವೆ, ರಾಜಾಂಗಣಕ್ಕೂ ವಿರೂಪಾಕ್ಷ ಗುಡಿಗೂ ದೂರವೆಷ್ಟು ಎಂಬುದು ಅಲ್ಲಿ ಸುತ್ತು ಹಾಕಿದವರಿಗೆ ಮನಸ್ಸಿನಲ್ಲಿ ಕೂರುತ್ತದೆ. ಆಮೇಲೆ ಬಿಸಿಲಿನಲ್ಲಿ ನಡೆಯುವ ಹಂಪಿಯೇ ಬೇರೆ.

ಕಾರ್ಯಕ್ರಮದ ದಿನ ಯಾಕೆ ಹೋಗಬೇಕು

ಕಲ್ಲು, ತಾಮ್ರ, ನಾಣ್ಯಗಳನ್ನು ಗಾಜಿನ ಹಿಂದೆ ಇಡಬಹುದು. ಹಾಡನ್ನು, ಕುಣಿತವನ್ನು, ಕೈಚಳಕವನ್ನು ಇಡಲಾಗುವುದಿಲ್ಲ. ಇದನ್ನು ನಮ್ಮಲ್ಲಿ ಚೆನ್ನಾಗಿ ಅರಿತವರು ಎಚ್.ಎಲ್. ನಾಗೇಗೌಡರು. ಐಎಎಸ್ ಅಧಿಕಾರಿಯಾಗಿದ್ದ ಅವರು ಊರೂರು ಸುತ್ತಿ ಜನಪದ ಹಾಡುಗಳನ್ನು ಧ್ವನಿಮುದ್ರಿಸಿದರು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕ ರಾಮನಗರದ ಬಳಿ ಜಾನಪದ ಲೋಕ ತೆರೆದರು. ಲೋಕಮಹಲ್‌ನಲ್ಲಿ ಸೇರು, ಪಾವು, ಕೊಳಗ, ಮೀನು ಹಿಡಿಯುವ ಕೂಳಿ, ಒಡವೆ, ತೊಗಲುಗೊಂಬೆ, ಯಕ್ಷಗಾನದ ವೇಷ. ಆಯಗಾರರ ಮಾಳದಲ್ಲಿ ಕಮ್ಮಾರ, ಕುಂಬಾರ, ಗಾಣಿಗರ ಸಾಮಗ್ರಿ. ಶಿಲ್ಪಮಾಳದಲ್ಲಿ ವೀರಗಲ್ಲು, ಬೀಸುವ ಕಲ್ಲು. ಆದರೆ ಅಲ್ಲಿಗೆ ಹೋಗಬೇಕಾದದ್ದು ಉತ್ಸವದ ದಿನ. ಬೇಸಿಗೆಗೆ ಮುಂಚೆ ನಡೆಯುವ ಲೋಕೋತ್ಸವದಲ್ಲಿ, ಗಾಳಿಪಟ ಉತ್ಸವದಲ್ಲಿ, ದಸರೆಯ ಕಾಲದ ಕಾರ್ಯಕ್ರಮಗಳಲ್ಲಿ ಒಳಗಿನ ಗೋಡೆಯ ಮೇಲಿನ ಡೊಳ್ಳು ಹೊರಗೆ ಕಲಾವಿದನ ಹೆಗಲಿಗೆ ಬಂದಿರುತ್ತದೆ. ಪೂಜಾ ಕುಣಿತದವನು ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊತ್ತು ಕೈಬಿಟ್ಟು ಕುಣಿಯುವಾಗ ಅದರ ಭಾರ ಎಷ್ಟೆಂದು ಕೇಳಿ. ಕುಣಿತ ಮುಗಿದ ಮೇಲೆ ಅವನೇ ನಿಮ್ಮ ಕೈಗೆ ಕೊಟ್ಟಾನು. ಯಾವ ಫಲಕವೂ ಆ ಭಾರವನ್ನು ಹೇಳಲಾರದು.

ಈ ಕಲಾವಿದರಲ್ಲಿ ಬಹಳ ಮಂದಿ ಕೃಷಿಕರು, ಕೂಲಿ ಮಾಡುವವರು. ಅವರ ಹತ್ತಿರ ಕುಳಿತು ಈ ಹಾಡು ಯಾರಿಂದ ಕಲಿತಿರಿ, ನಿಮ್ಮ ಊರಲ್ಲಿ ಯಾವ ಹಬ್ಬಕ್ಕೆ ಹಾಡುತ್ತೀರಿ, ಮಕ್ಕಳು ಕಲಿಯುತ್ತಿದ್ದಾರೆಯೆ ಎಂದು ಕೇಳುವ ನೋಡುಗರು ಬೇಕಾಗಿದ್ದಾರೆ. ಫೋಟೊ ತೆಗೆದು ಹೋಗುವವರು ಸಾಕಷ್ಟಿದ್ದಾರೆ.

ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಮಂಡಳಿ 1977ರಿಂದ ಮೇ 18ನ್ನು ಮ್ಯೂಸಿಯಂ ದಿನವಾಗಿ ನಡೆಸುತ್ತ ಬಂದಿದೆ. ಏಪ್ರಿಲ್ 18 ವಿಶ್ವ ಪರಂಪರೆ ದಿನ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಈ ದಿನಗಳಲ್ಲಿ ನಮ್ಮ ಮ್ಯೂಸಿಯಂಗಳಲ್ಲಿ ಛಾಯಾಚಿತ್ರ ಪ್ರದರ್ಶನ, ಮಕ್ಕಳ ಚಿತ್ರಕಲಾ ಸ್ಪರ್ಧೆ, ಉಪನ್ಯಾಸ, ಲಿಪಿ ಕಲಿಸುವ ಕಮ್ಮಟ ನಡೆಯುವುದುಂಟು. ಕೆಲವೆಡೆ ಪ್ರವೇಶ ಶುಲ್ಕವೂ ಇರುವುದಿಲ್ಲ. ಮೈಸೂರಿನಲ್ಲಿ ದಸರೆಯ ಹೊತ್ತಿಗೆ ಪಾರಂಪರಿಕ ನಡಿಗೆ, ಟಾಂಗಾ ಸವಾರಿ ಏರ್ಪಡುತ್ತವೆ. ಪಂಚೆ, ಸೀರೆ ಉಟ್ಟು ಬಂದವರೊಡನೆ ತಜ್ಞರು ಹೆಜ್ಜೆ ಹಾಕುತ್ತ ಕಟ್ಟಡದಿಂದ ಕಟ್ಟಡಕ್ಕೆ ಕಥೆ ಹೇಳುತ್ತಾರೆ. ಅದೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜಯಲಕ್ಷ್ಮೀವಿಲಾಸ ಅರಮನೆಯ ಜಾನಪದ ವಸ್ತುಸಂಗ್ರಹಾಲಯವಿದೆ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ವಿದ್ವಾಂಸ ಜೀ.ಶಂ. ಪರಮಶಿವಯ್ಯ ಮೊದಲಾದವರ ಶ್ರಮದ ಫಲ ಅದು. ದಸರೆಗೆ ಹೋದವರು ಅದನ್ನು ವಿಚಾರಿಸಿ ನೋಡಬೇಕು.

ಎಲ್ಲ ಕಾರ್ಯಕ್ರಮವೂ ಒಂದೇ ತೂಕದ್ದಲ್ಲ. ವೇದಿಕೆ, ಹಾರ, ಸ್ವಾಗತ ಭಾಷಣ, ವಂದನಾರ್ಪಣೆಗಳಲ್ಲೇ ಎರಡು ಗಂಟೆ ಕಳೆದು, ಮ್ಯೂಸಿಯಂನ ಬಾಗಿಲೊಳಗೆ ಒಬ್ಬರೂ ಕಾಲಿಡದ ಸಮಾರಂಭಗಳನ್ನು ನೋಡಿ ನೊಂದಿದ್ದೇನೆ. ಅಂಥ ದಿನ ಮಕ್ಕಳು ಕುರ್ಚಿ ತುಂಬಿಸಲು ಬಂದಿರುತ್ತಾರೆ. ಬೆಲೆಯುಳ್ಳ ಕಾರ್ಯಕ್ರಮದ ಗುರುತು ನನ್ನ ಮಟ್ಟಿಗೆ ಒಂದೇ: ಅಲ್ಲಿ ಬಂದವರ ಕೈಗೆ ಕೆಲಸವಿರುತ್ತದೆ. ಪಡಿಯಚ್ಚು ತೆಗೆಯುವ ಪ್ರಾತ್ಯಕ್ಷಿಕೆ ಅಂಥದ್ದು. ಶಾಸನದ ಕಲ್ಲನ್ನು ನೀರು ಹಾಕಿ ಬ್ರಷ್‌ನಿಂದ ಹಗುರವಾಗಿ ತೊಳೆಯುತ್ತಾರೆ. ಅದರ ಮೇಲೆ ನೆನೆಸಿದ ಕಾಗದ ಹಾಸಿ, ಅಕ್ಷರದ ಗುಳಿಗಳೊಳಕ್ಕೆ ಕಾಗದ ಇಳಿಯುವಂತೆ ಬ್ರಷ್‌ನಿಂದ ತಟ್ಟುತ್ತಾರೆ. ಗಾಳಿಯ ಗುಳ್ಳೆ ಉಳಿಯಕೂಡದು. ಕಾಗದ ಅರೆ ಒಣಗಿದಾಗ ಮಸಿಯ ಉಂಡೆಯಿಂದ ಮೆಲ್ಲಗೆ ಒತ್ತುತ್ತ ಹೋದರೆ ಕಲ್ಲಿನ ಮೈ ಇರುವೆಡೆ ಕಾಗದ ಕಪ್ಪಾಗಿ, ಗುಳಿಯೊಳಗಿನ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮಸಿ ಕಲ್ಲಿಗೆ ತಾಗುವುದಿಲ್ಲ. ಬರಿಗಣ್ಣಿಗೆ ಗೀರಿನಂತೆ ಕಂಡದ್ದು ‘ಸ್ವಸ್ತಿ’ ಎಂದು ಎದ್ದು ಬರುವಾಗ ಸುತ್ತ ನಿಂತ ಹುಡುಗರ ಮುಖ ನೋಡಬೇಕು! ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ದೇಶದ ನಾನಾ ಕಡೆಯಿಂದ ತೆಗೆದ ಪಡಿಯಚ್ಚುಗಳ ಭಂಡಾರ ಅದು. ಈ ಕಸುಬು ಬಲ್ಲವರು ನಮ್ಮ ನಡುವೆಯೇ ಇದ್ದಾರೆ. ಶಾಲೆಗಳೂ ಮ್ಯೂಸಿಯಂಗಳೂ ಅವರನ್ನು ಕರೆಸಬೇಕು.

ಹಾಗೆಯೇ ಒಳ್ಳೆಯ ಉಪನ್ಯಾಸಕ್ಕೆ ಹೋದರೆ ಕೊನೆಯ ಪ್ರಶ್ನೋತ್ತರದವರೆಗೂ ಕೂತಿರಿ. ಸಭೆಯಲ್ಲಿ ಎದ್ದು ನಿಂತ ಅಜ್ಜರೊಬ್ಬರು ನಮ್ಮ ತೋಟದಲ್ಲೂ ಅಂಥದೊಂದು ಕಲ್ಲಿದೆ ಎಂದು ಹೇಳುವುದು, ತಜ್ಞರು ಕೂಡಲೇ ಪುಸ್ತಕ ತೆರೆದು ಊರು, ಸರ್ವೆ ನಂಬರು ಬರೆದುಕೊಳ್ಳುವುದು, ಇವು ನಡೆಯುವುದು ಆಗಲೇ. ಮ್ಯೂಸಿಯಂ ಪಡೆಯುವ ಜಾಗವೂ ಹೌದು. ಅಜ್ಜಿಯ ಪೆಟ್ಟಿಗೆಯ ಓಲೆಗರಿ, ಹಳೆಯ ಲೆಕ್ಕದ ಕಡತ, ಊರ ಜಾತ್ರೆಯ ಹಳೇ ಫೋಟೊ ಇವನ್ನು ಅಲ್ಲಿಯವರಿಗೆ ತೋರಿಸಿ. ಕೊಡಲೇಬೇಕೆಂದಿಲ್ಲ, ಸ್ಕ್ಯಾನ್ ಮಾಡಿಕೊಳ್ಳಲು ಬಿಟ್ಟರೂ ದೊಡ್ಡದೇ. ಮಾರಲು ಮಾತ್ರ ಹೋಗಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಶಾಸನಗಳು, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಸಾಗಿಸುವುದು ಅಪರಾಧ.

ಹೊರಡುವವರಿಗೆ ಒಂದೆರಡು ಮಾತು. ಕೇಂದ್ರ ಪುರಾತತ್ವ ಇಲಾಖೆಯ ಬಾದಾಮಿ, ಐಹೊಳೆ, ಹಳೇಬೀಡು, ಕಮಲಾಪುರದಂಥ ಸ್ಥಳ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ರಾಜ್ಯ ಸರ್ಕಾರದವಕ್ಕೆ ಹೆಚ್ಚಾಗಿ ಸೋಮವಾರ. ದುರಸ್ತಿಗಾಗಿ ಕೊಠಡಿಗಳನ್ನೋ ಇಡೀ ಕಟ್ಟಡವನ್ನೋ ಮುಚ್ಚಿರುವುದೂ ಉಂಟು, ಆದ್ದರಿಂದ ಫೋನು ಮಾಡಿಯೇ ಹೊರಡಿ. ಬೆಳಗಿನ ಹೊತ್ತು ಹೋಗಿ. ಅಂಗಳದ ಕಲ್ಲುಗಳ ಮೇಲೆ ಓರೆ ಬಿಸಿಲು ಬಿದ್ದಾಗ ಅಕ್ಷರ ಚೆನ್ನಾಗಿ ಕಾಣುತ್ತದೆ. ನೆತ್ತಿಯ ಬಿಸಿಲಿನಲ್ಲಿ ಅದೇ ಕಲ್ಲು ಬೋಳಾಗಿ ಕಾಣುತ್ತದೆ. ಒಳಗಿನ ಕತ್ತಲೆ ಮೂಲೆಯ ಕಲ್ಲಿಗೆ ಮೊಬೈಲಿನ ಬೆಳಕನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ ಹಿಡಿಯಿರಿ, ಮೊದಲು ಅಲ್ಲಿಯವರ ಅನುಮತಿ ಕೇಳಿ. ಕಾವಲುಗಾರರನ್ನು ಮಾತಾಡಿಸಿ. ವರ್ಷಗಟ್ಟಲೆ ಆ ಕೊಠಡಿಗಳಲ್ಲಿ ನಿಂತವರಿಗೆ ಯಾವ ಕಲ್ಲು ಎಲ್ಲಿಂದ ಬಂತು, ಯಾವ ವಿದ್ವಾಂಸರು ಯಾವುದರ ಮುಂದೆ ಗಂಟೆಗಟ್ಟಲೆ ಕೂತಿದ್ದರು ಎಂಬುದು ಗೊತ್ತಿರುತ್ತದೆ. ಮುಗಿಸಿ ಬರುವಾಗ ಅನಿಸಿಕೆ ಪುಸ್ತಕದಲ್ಲಿ ‘ತುಂಬಾ ಚೆನ್ನಾಗಿದೆ’ ಎಂದಷ್ಟೇ ಬರೆಯಬೇಡಿ. ಇಂಥ ಕಲ್ಲಿಗೆ ಕನ್ನಡದಲ್ಲಿ ವಿವರ ಬೇಕು, ಇಂಥ ಊರಿನ ಶಾಸನದ ಪೂರ್ತಿ ಅರ್ಥ ಹಾಕಿ, ಮುಂದಿನ ಕಮ್ಮಟಕ್ಕೆ ನಮಗೂ ತಿಳಿಸಿ ಎಂದು ಬರೆದು ಹೆಸರು ಹಾಕಿ. ಓದುವ ಅಧಿಕಾರಿ ಒಬ್ಬರು ಸಿಕ್ಕರೂ ಫಲಕ ಬದಲಾಗುತ್ತದೆ.

ಊರಿಗೆ ಹೋದಾಗ ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ, ಬೇಲಿಯ ಮಗ್ಗುಲಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಅದಕ್ಕೆ ಬಣ್ಣ, ಸುಣ್ಣ ಬಳಿಯಲು ಬಿಡಬೇಡಿ. ಅಕ್ಷರಕ್ಕೆ ಸೀಮೆಸುಣ್ಣ ತಿಕ್ಕುವುದೂ ಬೇಡ, ಕಲ್ಲನ್ನು ಅಲುಗಿಸುವುದೂ ಬೇಡ. ನಾಲ್ಕು ಕಡೆಯಿಂದ ಫೋಟೊ ತೆಗೆದು, ಊರು, ಹೋಬಳಿ, ತಾಲ್ಲೂಕು ಬರೆದು ಜಿಲ್ಲೆಯ ಮ್ಯೂಸಿಯಂಗೋ ಪುರಾತತ್ವ ಇಲಾಖೆಯ ಕಚೇರಿಗೋ ತಲುಪಿಸಿ. ಉತ್ತರ ಬರದಿದ್ದರೆ ಮುಂದಿನ ಮೇ 18ಕ್ಕೆ ಆ ಫೋಟೊ ಹಿಡಿದು ನೀವೇ ಮ್ಯೂಸಿಯಂಗೆ ಹೋಗಿ, ಊರಿನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿ.